ಬೂದಿ ಮುಚ್ಚಿದ ಕೆಂಡ: ಉರಿಯೂತದ ಉದ್ದ ಕಥೆ

‘ಉರಿಯೂತ’ ಅನ್ನೋ ಪದವನ್ನು ಒಮ್ಮೆ ಬಿಡಿಸಿ ನೋಡಿ. ಉರಿ ಮತ್ತು ಊತ. ಇಂಗ್ಲಿಷಿನ ಇನ್‌ಫ್ಲಮೇಶನ್‌ನಲ್ಲಿ ಬರೀ ಬೆಂಕಿ ಇದೆ. ಅದರ ಲ್ಯಾಟಿನ್ ಮೂಲದ ಅರ್ಥ ಹೊತ್ತಿಸುವುದು ಅಂತ. ಸಂಸ್ಕೃತದ ‘ಶೋಥ’ದಲ್ಲಿ ಬರೀ ಬಾವು. ಕನ್ನಡದ ಪದದಲ್ಲಿ ಎರಡೂ ಇವೆ. ಪಾರಿಭಾಷಿಕ ಪದ ಅಂದ್ರೆ ಮೂಗು ಮುರಿಯುವ ನನ್ನಂಥವನಿಗೂ ಇಷ್ಟವಾಗುವ ಪದ ಇದು.

ಕಾಲಿಗೆ ಜಾಲಿ ಮುಳ್ಳು ಚುಚ್ಚಿ ಒಳಗೇ ಮುರಿದರೆ ಏನಾಗುತ್ತೆ ಅಂತ ನಿಮಗೆ ಗೊತ್ತು. ಕೆಂಪಾಗುತ್ತೆ, ಬಿಸಿಯಾಗುತ್ತೆ, ಊದಿಕೊಳ್ಳುತ್ತೆ, ರಾತ್ರಿಯೆಲ್ಲ ಚುಳುಕು. ನಾಲ್ಕು ದಿನಕ್ಕೆ ಕೀವಾಗಿ ಒಡೆದು ಆರಿ ಹೋಗುತ್ತೆ. ಆದ್ರೆ ಈಗೀಗ ಪತ್ರಿಕೆಗಳ ಆರೋಗ್ಯ ಪುರವಣಿಯಲ್ಲಿ, ವಾಟ್ಸಾಪ್ ಸಂದೇಶಗಳಲ್ಲಿ ಎಲ್ಲಿ ನೋಡಿದ್ರೂ ಇನ್ನೊಂದು ಥರದ ಉರಿಯೂತದ ಮಾತು. ಹಾರ್ಟ್ ಅಟ್ಯಾಕಿಗೂ ಅದೇ ಕಾರಣ, ಸಕ್ಕರೆ ಕಾಯಿಲೆಗೂ ಅದೇ, ಮರೆವಿಗೂ ಅದೇ. ನೋವಿಲ್ಲ, ಕೆಂಪಿಲ್ಲ, ಊತವಿಲ್ಲ, ಆದ್ರೂ ಉರಿಯೂತ ಅಂತೆ! ಉರಿಯೂ ಇಲ್ಲದ ಊತವೂ ಇಲ್ಲದ ಉರಿಯೂತ ಎಂಥದ್ದು? ಇದು ಹೊಸ ಫ್ಯಾಷನ್ನೋ, ನಿಜವೋ? ನಾನು ಓದುತ್ತಾ ಹೋದ ಹಾಗೆ ಇದಕ್ಕೆ ಎರಡು ಸಾವಿರ ವರ್ಷದ ಹಿಂದಿನಿಂದಲೇ ಶುರು ಮಾಡಬೇಕು ಅನ್ನಿಸಿತು. ಸ್ವಲ್ಪ ಉದ್ದದ ಬರಹ, ಕಾಫಿ ತಂದುಕೊಂಡು ಕೂತ್ಕೊಳ್ಳಿ.

ಒಂದನೇ ಶತಮಾನದಲ್ಲಿ ರೋಮಿನಲ್ಲಿ ಸೆಲ್ಸಸ್ ಅಂತ ಒಬ್ಬ ಇದ್ದ. ಅವನು ವೈದ್ಯನೋ ಅಥವಾ ಎಲ್ಲ ವಿದ್ಯೆಗಳನ್ನೂ ಒಂದೆಡೆ ಸೇರಿಸಿ ಬರೆದಿಟ್ಟ ವಿಶ್ವಕೋಶಕಾರನೋ ಅನ್ನೋ ಚರ್ಚೆ ಇನ್ನೂ ಇದೆ. ಅವನ ‘ಡಿ ಮೆಡಿಸಿನಾ’ ಗ್ರಂಥದಲ್ಲಿ ಉರಿಯೂತಕ್ಕೆ ನಾಲ್ಕು ಲಕ್ಷಣ ಕೊಟ್ಟಿದ್ದಾನೆ. ರೂಬೊರ್, ಟ್ಯೂಮೊರ್, ಕ್ಯಾಲೊರ್, ಡೋಲೊರ್. ಕೆಂಪು, ಊತ, ಬಿಸಿ, ನೋವು. (ಕೊನೆಯದು ಡಾಲರ್ ಅಲ್ಲ, ಅದೂ ನೋವೇ ಅನ್ನೋರು ಅನ್ನಬಹುದು :-) ) ಆ ಪುಸ್ತಕ ಶತಮಾನಗಳ ಕಾಲ ಮರೆಯಾಗಿದ್ದು, 15ನೇ ಶತಮಾನದಲ್ಲಿ ಮತ್ತೆ ಸಿಕ್ಕಿ, 1478ರಲ್ಲಿ ಫ್ಲಾರೆನ್ಸಿನಲ್ಲಿ ಅಚ್ಚಾಯಿತು. ಇವತ್ತಿಗೂ ಎಂಬಿಬಿಎಸ್ ಎರಡನೇ ವರ್ಷದ ಹುಡುಗರು ಈ ನಾಲ್ಕು ಪದಗಳನ್ನು ಬಾಯಿಪಾಠ ಮಾಡುತ್ತಾರೆ. ಐದನೆಯದೊಂದು ಇದೆ, ಆ ಅಂಗ ಕೆಲಸ ಮಾಡದೇ ಹೋಗುವುದು. ಅದನ್ನು ಗ್ಯಾಲೆನ್ ಸೇರಿಸಿದ ಅಂತ ಬಹಳ ಪುಸ್ತಕಗಳಲ್ಲಿದೆ. ಹಳೆಯ ಬರಹಗಳನ್ನು ಹುಡುಕಿ ನೋಡಿದ ಇತಿಹಾಸಕಾರರು ಅದು ಗ್ಯಾಲೆನ್‌ನದಲ್ಲ, 19ನೇ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಚೋನದು ಅಂತ ತೋರಿಸಿದ್ದಾರೆ. ಈ ವಿರ್ಚೋ ಮತ್ತೆ ಬರುತ್ತಾನೆ, ಹೆಸರು ನೆನಪಿಟ್ಟುಕೊಳ್ಳಿ.

ನಮ್ಮಲ್ಲಿ ಸುಶ್ರುತ ಸಂಹಿತೆ ಬಾವನ್ನು ಬೇರೆ ರೀತಿಯಲ್ಲಿ ನೋಡಿತು. ಲಕ್ಷಣಗಳ ಪಟ್ಟಿಗಿಂತ ಕಾಲದ ಲೆಕ್ಕ ಅದಕ್ಕೆ ಮುಖ್ಯ. ಆಮ, ಪಚ್ಯಮಾನ, ಪಕ್ವ. ಅಂದ್ರೆ ಕಾಯಿ, ದೋರೆ, ಹಣ್ಣು! ಕಾಯಿಯಾಗಿರುವ ಬಾವನ್ನು ಕೊಯ್ಯುವ ವೈದ್ಯನನ್ನೂ, ಹಣ್ಣಾದದ್ದನ್ನು ಕೊಯ್ಯದೇ ಬಿಡುವ ವೈದ್ಯನನ್ನೂ ಸುಶ್ರುತ ಒಟ್ಟಿಗೇ ಬೈಯುತ್ತಾನೆ. ನಮ್ಮ ಹಳ್ಳಿಗಳಲ್ಲಿ ಕುರು ‘ಹಣ್ಣಾಗಿದೆ’ ಅನ್ನೋದು ಈಗಲೂ ಇದೆಯಲ್ಲ.

ರೋಮಿನವರಿಗೂ ನಮ್ಮವರಿಗೂ ಸಾಮಾನ್ಯವಾಗಿದ್ದ ಸಂಗತಿ ಅಂದ್ರೆ ಇಬ್ಬರೂ ನೋಡುತ್ತಿದ್ದದ್ದು ಕಣ್ಣಿಗೆ ಕಾಣುವ, ಕೈಗೆ ಸಿಗುವ ಬಾವನ್ನು. ಅದು ಒಳ್ಳೆಯದೋ ಕೆಟ್ಟದ್ದೋ ಅನ್ನೋ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡವನು ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್. ಸೈನ್ಯದಲ್ಲಿ ಗುಂಡೇಟಿನ ಗಾಯಗಳನ್ನು ನೋಡಿ ನೋಡಿ ಅವನಿಗೆ ಅನ್ನಿಸಿದ್ದು, ಉರಿಯೂತ ಒಂದು ರೋಗವೇ ಅಲ್ಲ, ಗಾಯಕ್ಕೆ ಮೈ ಕೊಡುವ ಉತ್ತರ, ಅದೂ ಒಳ್ಳೆಯದಕ್ಕೇ. ಅವನು ಸತ್ತ ಮರುವರ್ಷ, 1794ರಲ್ಲಿ ಆ ಪುಸ್ತಕ ಹೊರಬಂತು. ಕತ್ತಿ, ಜಿಗಣೆ ಹಿಡಿದು ಊತ ಕಂಡಲ್ಲೆಲ್ಲ ರಕ್ತ ಹರಿಸುತ್ತಿದ್ದ ಕಾಲದಲ್ಲಿ ಈ ಮಾತು ಹೇಳೋಕೆ ಧೈರ್ಯ ಬೇಕಿತ್ತು.

ಒಳಗೆ ಏನು ನಡೆಯುತ್ತೆ ಅಂತ ನೋಡಲಿಕ್ಕೆ ಸೂಕ್ಷ್ಮದರ್ಶಕ ಬೇಕಾಯಿತು, ಮತ್ತೆ ಪಾಪ, ಕಪ್ಪೆಗಳೂ ಬೇಕಾದವು. ವಿರ್ಚೋನ ಶಿಷ್ಯ ಜೂಲಿಯಸ್ ಕೋನ್‌ಹೈಮ್ 1867ರಲ್ಲಿ ಜೀವಂತ ಕಪ್ಪೆಯ ಕರುಳಿನ ತೆಳುಪೊರೆಯನ್ನು ಮಸೂರದ ಕೆಳಗೆ ಹರಡಿಕೊಂಡು ಗಂಟೆಗಟ್ಟಲೆ ಕೂತ. ರಕ್ತನಾಳ ಅಗಲವಾಯಿತು, ರಕ್ತದ ಓಟ ನಿಧಾನವಾಯಿತು, ಬಿಳಿ ರಕ್ತಕಣಗಳು ಗೋಡೆಗೆ ಅಂಟಿಕೊಂಡವು. ಆಮೇಲೆ ಒಂದೊಂದಾಗಿ ಗೋಡೆಯ ಸಂದಿಯಿಂದ ನುಸುಳಿ ಹೊರಗೆ ಬಂದವು. ಕೀವಿನಲ್ಲಿರುವ ಕಣಗಳು ರಕ್ತದಿಂದ ಬಂದ ಕಣಗಳೇ! ಲಂಡನ್ನಿನ ಆಗಸ್ಟಸ್ ವಾಲರ್ 1846ರಲ್ಲೇ ಇದನ್ನು ಕಂಡಿದ್ದ, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಗುರು ವಿರ್ಚೋ ಮಾತ್ರ ಕೀವಿನ ಕಣಗಳು ಅಲ್ಲಲ್ಲೇ ಅಂಗಾಂಶದಲ್ಲೇ ಹುಟ್ಟುತ್ತವೆ ಅಂತಿದ್ದವನು. ಶಿಷ್ಯ ಗುರುವನ್ನು ಮೀರಿಸಿದ ಅಂತ ಹೇಳಬಹುದು. ಕೆಂಪು, ಬಿಸಿ, ಊತ ಮೂರಕ್ಕೂ ಒಂದೇ ವಿವರಣೆ ಸಿಕ್ಕಿತು. ನಾಳ ಅಗಲವಾಗಿ ರಕ್ತ ಹೆಚ್ಚು ಬಂದರೆ ಕೆಂಪು ಮತ್ತು ಬಿಸಿ, ನೀರು ಸೋರಿದರೆ ಊತ.

ಆದ್ರೆ ಆ ಬಿಳಿಕಣಗಳು ಹೊರಗೆ ಬಂದು ಮಾಡೋದಾದ್ರೂ ಏನು? ಇದಕ್ಕೆ ಉತ್ತರ ಸಿಕ್ಕಿದ್ದು ಸಿಸಿಲಿಯ ಮೆಸ್ಸಿನಾ ಊರಿನಲ್ಲಿ, 1882ರ ಡಿಸೆಂಬರಿನಲ್ಲಿ. ಇಲ್ಯಾ ಮೆಚ್ನಿಕಾಫ್ ವೈದ್ಯನಲ್ಲ, ಪ್ರಾಣಿಶಾಸ್ತ್ರಜ್ಞ. ಒಡೆಸ್ಸಾ ವಿಶ್ವವಿದ್ಯಾಲಯದ ರಾಜಕೀಯದಿಂದ ಬೇಸತ್ತು ಕೆಲಸ ಬಿಟ್ಟು ಬಂದಿದ್ದ. ಒಂದು ದಿನ ಮನೆಯವರೆಲ್ಲ ಸರ್ಕಸ್ಸಿಗೆ ಮಂಗಗಳ ಆಟ ನೋಡೋಕೆ ಹೋದರು. ಇವನೊಬ್ಬನೇ ಮನೆಯಲ್ಲಿ ಕೂತು ನಕ್ಷತ್ರ ಮೀನಿನ ಗಾಜಿನಂಥ ಪಾರದರ್ಶಕ ಮರಿಗಳನ್ನು ನೋಡುತ್ತಿದ್ದ. ಅವುಗಳ ಮೈಯೊಳಗೆ ಅಲೆದಾಡುವ ಕಣಗಳು ಹೊರಗಿನಿಂದ ಬಂದದ್ದನ್ನು ಎದುರಿಸೋಕೆ ಇರಬಹುದಾ ಅನ್ನೋ ಯೋಚನೆ ಹೊಳೆಯಿತು. ತೋಟಕ್ಕೆ ಹೋಗಿ ಗುಲಾಬಿ ಮುಳ್ಳು ತಂದು ಮರಿಗಳಿಗೆ ಚುಚ್ಚಿದ. ರಾತ್ರಿ ನಿದ್ದೆ ಬರಲಿಲ್ಲವಂತೆ. ಬೆಳಗಿನ ಜಾವ ನೋಡಿದರೆ ಮುಳ್ಳಿನ ಸುತ್ತ ಕಣಗಳ ಮುತ್ತಿಗೆ! ನಕ್ಷತ್ರ ಮೀನಿನ ಮರಿಗೆ ರಕ್ತನಾಳವೇ ಇಲ್ಲ. ಹಾಗಾಗಿ ಕೆಂಪೂ ಇಲ್ಲ, ಬಿಸಿಯೂ ಇಲ್ಲ. ಸೆಲ್ಸಸ್‌ನ ಪಟ್ಟಿಯ ಲಕ್ಷಣ ಕಾಣಿಸದಿದ್ದರೂ ಅದು ಉರಿಯೂತವೇ, ಅದರ ತಿರುಳು ಈ ನುಂಗುವ ಕಣಗಳು ಅಂತ ಮೆಚ್ನಿಕಾಫ್ ವಾದಿಸಿದ. ನನ್ನ ಮಟ್ಟಿಗೆ ಈ ಇಡೀ ಕಥೆಯ ತಿರುವು ಇದೇ. ಲಕ್ಷಣ ಕಾಣದ ಉರಿಯೂತ ಅನ್ನೋ ಮಾತು ವಾಟ್ಸಾಪ್ ಕಾಲದ್ದಲ್ಲ, 1880ರ ದಶಕದ್ದು. 1908ರಲ್ಲಿ ಪಾಲ್ ಎರ್ಲಿಕ್ ಜೊತೆ ಅವನಿಗೆ ನೊಬೆಲ್ ಬಂತು.

ಮೆಚ್ನಿಕಾಫ್‌ನ ಇನ್ನೊಂದು ಮುಖವೂ ಇದೆ. ವಯಸ್ಸಾದ ಮೇಲೆ ಈ ನುಂಗುವ ಕಣಗಳೇ ತಿರುಗಿ ನಮ್ಮದೇ ಅಂಗಗಳನ್ನು ತಿನ್ನುತ್ತವೆ, ಕೂದಲಿನ ಬಣ್ಣ ಹೋಗೋದೂ ಹಾಗೇ ಅಂತ ನಂಬಿದ್ದ. ದೊಡ್ಡ ಕರುಳಿನ ಕೊಳೆತ ವಿಷಗಳು ಇದಕ್ಕೆ ಕಾರಣ, ಆದ್ದರಿಂದ ದಿನಾ ಹುಳಿ ಹಾಲು ಕುಡಿಯಬೇಕು ಅಂತ 1907ರ ತನ್ನ ಪುಸ್ತಕದಲ್ಲಿ ಬರೆದ. ಮೊಸರನ್ನ ಇಲ್ಲದೇ ಊಟ ಮುಗಿಯದ ನಾವು ಇದನ್ನು ಕೇಳಿ ಮೀಸೆ ತಿರುವಬಹುದು. ಕೂದಲಿನ ವಿಚಾರ ಸುಳ್ಳಾಯಿತು. ಆದ್ರೆ ಮುಪ್ಪಿಗೂ ಮಂದವಾಗಿ ಉರಿಯುತ್ತಲೇ ಇರುವ ಉರಿಯೂತಕ್ಕೂ ನಂಟಿದೆ ಅಂತ 2000ದಲ್ಲಿ ಇಟಲಿಯ ಕ್ಲಾಡಿಯೋ ಫ್ರಾನ್ಸೆಸ್ಕಿ ಮತ್ತೆ ಹೇಳಿ ಅದಕ್ಕೆ ‘ಇನ್‌ಫ್ಲಮೇಜಿಂಗ್’ ಅಂತ ಹೆಸರಿಟ್ಟರು.

ಈಗ ತಾತ್ಕಾಲಿಕ ಮತ್ತು ದೀರ್ಘಕಾಲದ ಉರಿಯೂತದ ವ್ಯತ್ಯಾಸ ಹೇಳಿಬಿಡುತ್ತೇನೆ. ಗಾಯವಾದ ಕೆಲವೇ ಗಂಟೆಗಳಲ್ಲಿ ಬರೋದು ನ್ಯೂಟ್ರೋಫಿಲ್ ಅನ್ನೋ ಬಿಳಿಕಣಗಳು. ಅಲ್ಪಾಯುಷಿಗಳು, ಹೊಡೆದಾಡಿ ಸಾಯುತ್ತವೆ. ಹಿಂದೆಯೇ ಮ್ಯಾಕ್ರೋಫೇಜ್‌ಗಳು ಬಂದು ಹೆಣ ಎತ್ತುತ್ತವೆ. ಕಾರಣ ಹೋದರೆ ಇವೂ ಜಾಗ ಖಾಲಿ ಮಾಡುತ್ತವೆ. ಕಾರಣ ಹೋಗದಿದ್ದರೆ? ಮ್ಯಾಕ್ರೋಫೇಜು, ಲಿಂಫೋಸೈಟುಗಳು ಅಲ್ಲೇ ಬಿಡಾರ ಹೂಡುತ್ತವೆ. ಒಂದು ಕಡೆ ಕೆಡವುವ ಕೆಲಸ, ಇನ್ನೊಂದು ಕಡೆ ರಿಪೇರಿ, ಎರಡೂ ಒಟ್ಟೊಟ್ಟಿಗೆ ವರ್ಷಗಟ್ಟಲೆ. ಕೊನೆಗೆ ಅಲ್ಲಿ ಉಳಿಯೋದು ಗಟ್ಟಿಯಾದ ಕಲೆ. ಕ್ಷಯ ಇದಕ್ಕೆ ಹಳೆಯ ಉದಾಹರಣೆ. ಕೊಲ್ಲಲಾಗದ ಕ್ರಿಮಿಯನ್ನು ಕಣಗಳು ಸುತ್ತ ಗೋಡೆ ಕಟ್ಟಿ ಕೂಡಿಹಾಕುತ್ತವೆ, ಅದಕ್ಕೆ ಗ್ರಾನ್ಯುಲೋಮಾ ಅಂತ ಹೆಸರು. ಹೀಗೆ ಕೂಡಿಹಾಕಿದ ಕ್ರಿಮಿ ಹೊತ್ತುಕೊಂಡು ಆರೋಗ್ಯವಾಗಿಯೇ ಓಡಾಡಿಕೊಂಡಿರುವವರು ನಮ್ಮ ದೇಶದಲ್ಲಿ ಕೋಟಿಗಟ್ಟಲೆ ಇದ್ದಾರೆ. ಬೂದಿ ಮುಚ್ಚಿದ ಕೆಂಡ ಅನ್ನೋ ನಮ್ಮ ಮಾತು ಇದಕ್ಕೆ ಎಷ್ಟು ಸರಿಯಾಗಿ ಕೂರುತ್ತೆ ನೋಡಿ.

ಶತ್ರುವೇ ಇಲ್ಲದೇ ಮೈ ತನ್ನ ಮೇಲೇ ಯುದ್ಧ ಹೂಡಿದರೆ ಅದು ಇನ್ನೂ ಘೋರ. ರುಮಟಾಯ್ಡ್ ಆರ್ಥ್ರೈಟಿಸ್ ಅಂಥದ್ದು. ಬೆರಳ ಗೆಣ್ಣುಗಳ ಒಳಪೊರೆ ಊದಿ, ಎಲುಬನ್ನೇ ಕೊರೆದು, ಬೆರಳುಗಳು ಒಂದು ಬದಿಗೆ ವಾಲಿಬಿಡುತ್ತವೆ. ನಮ್ಮ ಬಂಧು ಬಳಗದಲ್ಲೇ ಇದನ್ನು ಕಂಡಿದ್ದೇನೆ. ಬೆಳಿಗ್ಗೆ ಎದ್ದು ಒಂದು ಗಂಟೆ ಕೈ ಮಡಚೋಕೇ ಆಗದ ಅತ್ತೆ, ರೊಟ್ಟಿ ತಟ್ಟೋದನ್ನು ಬಿಟ್ಟದ್ದು ಐವತ್ತು ತುಂಬುವ ಮೊದಲೇ. ‘ವಾಯು’ ಅಂತ ಎಣ್ಣೆ ಹಚ್ಚಿ ಹಚ್ಚಿ ವರ್ಷಗಳು ಕಳೆದಿದ್ದವು.

ಅಮೆರಿಕದ ಮೇಯೋ ಕ್ಲಿನಿಕ್ಕಿನ ಫಿಲಿಪ್ ಹೆಂಚ್ 1929ರಲ್ಲಿ ಒಂದು ವಿಚಿತ್ರ ಗಮನಿಸಿದ. ಈ ಕೀಲುನೋವಿನ ರೋಗಿಯೊಬ್ಬರಿಗೆ ಕಾಮಾಲೆ ಬಂತು, ಕಾಮಾಲೆ ಬಂದದ್ದೇ ತಡ ಕೀಲುನೋವು ಮಾಯ! ಗರ್ಭಿಣಿಯರಲ್ಲೂ ಹೀಗೇ ಆಗೋದು ಕಂಡ. ಅಂದ್ರೆ ಮೈಯೊಳಗೇ ಈ ಬೆಂಕಿಯನ್ನು ತಣಿಸುವ ಯಾವುದೋ ವಸ್ತು ಇದೆ. ಇಪ್ಪತ್ತು ವರ್ಷ ಅದರ ಬೆನ್ನು ಬಿಡಲಿಲ್ಲ. ಅದೇ ಸಂಸ್ಥೆಯ ಎಡ್ವರ್ಡ್ ಕೆಂಡಾಲ್ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯ ರಸಾಯನಗಳನ್ನು ಬಿಡಿಸುತ್ತಿದ್ದ. ಮರ್ಕ್ ಕಂಪನಿ ದನದ ಪಿತ್ತದಿಂದ ಅದರಲ್ಲೊಂದನ್ನು ಬಹಳ ಕಷ್ಟಪಟ್ಟು ಸ್ವಲ್ಪ ತಯಾರಿಸಿತ್ತು. 1948ರ ಸೆಪ್ಟೆಂಬರ್ 21ರಂದು 29 ವರ್ಷದ ಒಬ್ಬ ಹೆಂಗಸಿಗೆ ಅದರ ಮೊದಲ ಇಂಜೆಕ್ಷನ್. ಹಾಸಿಗೆಯಲ್ಲಿ ಮಗ್ಗುಲು ಬದಲಿಸೋದೂ ಕಷ್ಟವಾಗಿದ್ದಾಕೆ ಒಂದು ವಾರದಲ್ಲಿ ಪೇಟೆಗೆ ಹೋಗಿ ಮೂರು ಗಂಟೆ ಸುತ್ತಾಡಿ ಬಂದರು. ಅದೇ ಕಾರ್ಟಿಸೋನ್. 1950ರಲ್ಲಿ ಹೆಂಚ್, ಕೆಂಡಾಲ್ ಮತ್ತು ಸ್ವಿಟ್ಜರ್ಲೆಂಡಿನ ರೈಕ್‌ಸ್ಟೈನ್ ಮೂವರಿಗೂ ನೊಬೆಲ್. ಕಂಡುಹಿಡಿದ ಎರಡೇ ವರ್ಷಕ್ಕೆ!

ಸಂಭ್ರಮ ಬಹಳ ದಿನ ಉಳಿಯಲಿಲ್ಲ. ಮುಖ ಚಂದ್ರನ ಹಾಗೆ ಉಬ್ಬಿತು, ಎಲುಬು ಟೊಳ್ಳಾಯಿತು, ಸಕ್ಕರೆ ಏರಿತು, ಸೋಂಕುಗಳು ಮುತ್ತಿದವು. ಔಷಧಿ ನಿಲ್ಲಿಸಿದರೆ ನೋವು ಮತ್ತೆ ಹಾಜರು. ಹೆಂಚ್ ತಾನೇ ಮೊದಲಿನಿಂದಲೂ ಇದು ಕಾಯಿಲೆಯನ್ನು ವಾಸಿ ಮಾಡುವ ಮದ್ದಲ್ಲ ಅಂತ ಎಚ್ಚರಿಸಿದ್ದ. ಇವತ್ತು ನಮ್ಮೂರುಗಳಲ್ಲಿ ಮಂಡಿನೋವಿಗೆ ‘ಗ್ಯಾರಂಟಿ ಪುಡಿ’ ಕೊಡುವವರ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿರೋದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಮೂರೇ ದಿನಕ್ಕೆ ಪವಾಡ ಆಯ್ತು ಅಂದ್ರೆ ಸ್ವಲ್ಪ ಅನುಮಾನ ಇರಲಿ. ಅದು 1948ರ ಪವಾಡವೇ ಆಗಿರಬಹುದು.

ಈ ಕಾಯಿಲೆಗೆ ಇವತ್ತಿಗೂ ಮೊದಲು ಕೊಡೋದು ಮೆಥೋಟ್ರೆಕ್ಸೇಟ್. ಇದರ ಹಿಂದೆ ನಮ್ಮ ಪಕ್ಕದ ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಇದ್ದಾರೆ. ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಅವರ ತಂಡ 1940ರ ದಶಕದಲ್ಲಿ ಫೋಲಿಕ್ ಆಮ್ಲಕ್ಕೆ ಅಡ್ಡಗಾಲು ಹಾಕುವ ಅಮಿನಾಪ್ಟರಿನ್ ಮತ್ತು ಮೆಥೋಟ್ರೆಕ್ಸೇಟ್ ತಯಾರಿಸಿತು, ಮಕ್ಕಳ ರಕ್ತದ ಕ್ಯಾನ್ಸರಿಗೆ. 1951ರಲ್ಲಿ ಅಮಿನಾಪ್ಟರಿನ್ ಕೀಲು ಉರಿಯೂತವನ್ನೂ ತಗ್ಗಿಸುತ್ತೆ ಅಂತ ವರದಿಯಾಯಿತು. ಕಾರ್ಟಿಸೋನಿನ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಅಮೆರಿಕದಲ್ಲಿ ಮೆಥೋಟ್ರೆಕ್ಸೇಟಿಗೆ ಈ ಕಾಯಿಲೆಗಾಗಿ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ. ಸುಬ್ಬರಾವ್ 1948ರಲ್ಲೇ ತೀರಿಕೊಂಡಿದ್ದರು. ಒಂದು ಮಾತು: ಇದು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಮಾತ್ರೆ. ದಿನಾ ನುಂಗಿದರೆ ಪ್ರಾಣಕ್ಕೇ ಸಂಚಕಾರ. ಮನೆಯಲ್ಲಿ ವಯಸ್ಸಾದವರು ತೆಗೆದುಕೊಳ್ಳುತ್ತಿದ್ದರೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಅತ್ತೆಯ ಮನೆಯಲ್ಲಿ ಪಂಚಾಂಗದ ಪ್ರತಿ ಭಾನುವಾರದ ಮೇಲೆ ಕೆಂಪು ಶಾಯಿಯ ಸುತ್ತು ಇರುತ್ತಿತ್ತು.

ಆಮೇಲಿನ ಹೆಜ್ಜೆ ಲಂಡನ್ನಿನದು. ಲೂಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ ಮತ್ತು ಮಾರ್ಕ್ ಫೆಲ್ಡ್‌ಮನ್ ಕೀಲಿನೊಳಗೆ ಬಿಳಿಕಣಗಳು ಒಂದಕ್ಕೊಂದು ಕಳಿಸುವ ರಾಸಾಯನಿಕ ಸಂದೇಶಗಳನ್ನು ಹುಡುಕುತ್ತಿದ್ದರು. ಅಂಥ ಸಂದೇಶಗಳು ಹತ್ತಾರು. ಒಂದನ್ನು ತಡೆದರೆ ಇನ್ನೊಂದು ಅದರ ಕೆಲಸ ಮಾಡುತ್ತೆ ಅಂತ ಎಲ್ಲರ ಲೆಕ್ಕ. ಇವರು ಟಿಎನ್ಎಫ್ ಅನ್ನೋ ಒಂದನ್ನು ತಡೆದರೆ ಉಳಿದವೂ ಇಳಿಯುತ್ತವೆ ಅಂತ ಕಂಡರು. 1992ರಲ್ಲಿ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ರೋಗಿಗಳಿಗೆ ಕೊಟ್ಟು ನೋಡಿದಾಗ ಅದು ನಿಜವಾಯಿತು. ಇಂದಿನ ದುಬಾರಿ ‘ಬಯಾಲಾಜಿಕಲ್’ ಇಂಜೆಕ್ಷನ್ನುಗಳ ಮೂಲ ಇದು. ಆದ್ರೆ 2001ರ ಹೊತ್ತಿಗೆ ಇದನ್ನು ತೆಗೆದುಕೊಂಡ ಕೆಲವರಲ್ಲಿ ಮಲಗಿದ್ದ ಕ್ಷಯ ಎದ್ದದ್ದು ಗೊತ್ತಾಯಿತು. ಆಗಲೇ ಹೇಳಿದ ಗ್ರಾನ್ಯುಲೋಮಾದ ಗೋಡೆ ನಿಂತಿರೋದೇ ಟಿಎನ್ಎಫ್ ಬಲದ ಮೇಲೆ! ಒಂದು ಕಡೆಯ ಬೆಂಕಿ ಆರಿಸಿದರೆ ಇನ್ನೊಂದು ಕಡೆಯ ಕಾವಲು ಹೋಯಿತು. ಅದಕ್ಕೇ ಈ ಔಷಧಿ ಶುರು ಮಾಡುವ ಮುಂಚೆ ಕ್ಷಯದ ಪರೀಕ್ಷೆ ಮಾಡಿಸುತ್ತಾರೆ. ‘ಸುಮ್ನೆ ಟೆಸ್ಟ್ ಬರೀತಾರೆ’ ಅಂತ ಗೊಣಗಬೇಡಿ.

ಟಿಎನ್ಎಫ್ ಇನ್ನೊಂದು ಅನಿರೀಕ್ಷಿತ ಜಾಗದಲ್ಲೂ ಸಿಕ್ಕಿತು. 1993ರಲ್ಲಿ ಗೋಖಾನ್ ಹೊತಾಮಿಸ್ಲಿಗಿಲ್ ಮತ್ತು ಸಂಗಡಿಗರು ದಪ್ಪ ಇಲಿಗಳ ಕೊಬ್ಬಿನಲ್ಲಿ ಇದು ಹೆಚ್ಚಿರೋದನ್ನೂ, ಇದನ್ನು ತಡೆದರೆ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡೋದನ್ನೂ ಕಂಡರು. ಕೊಬ್ಬು ಅಂದ್ರೆ ಸುಮ್ಮನೆ ಕೂಡಿಟ್ಟ ತುಪ್ಪದ ಡಬ್ಬಿ ಅಂತ ತಿಳಿದಿದ್ದವರಿಗೆ ಆಶ್ಚರ್ಯ. 2003ರಲ್ಲಿ ಹೊಟ್ಟೆಯ ಕೊಬ್ಬಿನೊಳಗೆ ಮ್ಯಾಕ್ರೋಫೇಜುಗಳ ದಂಡೇ ಬೀಡುಬಿಟ್ಟಿರೋದು ಕಾಣಿಸಿತು. ಮುಳ್ಳೂ ಇಲ್ಲ, ಕ್ರಿಮಿಯೂ ಇಲ್ಲ. ಇಲ್ಲೂ ಒಂದು ಹಳೇ ಸುಳಿವು ಮರೆತುಹೋಗಿತ್ತು. 1876ರಲ್ಲೇ ಜರ್ಮನಿಯ ವಿಲ್‌ಹೆಲ್ಮ್ ಎಬ್‌ಸ್ಟೈನ್, ಆಸ್ಪಿರಿನ್ನಿನ ಅಕ್ಕನಂತಿರುವ ಸೋಡಿಯಂ ಸ್ಯಾಲಿಸಿಲೇಟ್ ಕೊಟ್ಟರೆ ಮೂತ್ರದ ಸಕ್ಕರೆ ಇಳಿಯುತ್ತೆ ಅಂತ ಬರೆದಿದ್ದ.

ಇಲ್ಲಿ ಅರಿಶಿನದ ಮಾತು ಬಾರದಿದ್ದರೆ ನೀವು ಕಮೆಂಟಿನಲ್ಲಿ ಕೇಳೇ ಕೇಳ್ತೀರಿ! ಗಾಯಕ್ಕೆ ಅರಿಶಿನ ಹಚ್ಚೋದಕ್ಕೆ 1995ರಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ ಪೇಟೆಂಟ್ ಪಡೆದದ್ದು, ರಘುನಾಥ ಮಾಶೇಲ್ಕರ್ ಮುಖ್ಯಸ್ಥರಾಗಿದ್ದ ನಮ್ಮ ಸಿಎಸ್ಐಆರ್ ಹಳೆಯ ಗ್ರಂಥಗಳನ್ನೂ 1953ರ ಒಂದು ಭಾರತೀಯ ಸಂಶೋಧನಾ ಲೇಖನವನ್ನೂ ಮುಂದಿಟ್ಟು 1997ರಲ್ಲಿ ಅದನ್ನು ರದ್ದು ಮಾಡಿಸಿದ್ದು ನಿಮಗೆ ನೆನಪಿರಬಹುದು. ಹೆಮ್ಮೆಯ ಗೆಲುವು, ನಿಜ. ಆದ್ರೆ ಆ ಗೆಲುವಿನ ಅರ್ಥ ಇದು ಹೊಸ ಸಂಗತಿ ಅಲ್ಲ ಅಂತ ಮಾತ್ರ; ನುಂಗಿದರೆ ಒಳಗಿನ ಉರಿಯೂತ ವಾಸಿಯಾಗುತ್ತೆ ಅಂತಲ್ಲ. ಅರಿಶಿನದ ಕರ್ಕ್ಯುಮಿನ್ ಗಾಜಿನ ಬಟ್ಟಲಿನಲ್ಲಿ ಏನೇನೋ ಮಾಡಿ ತೋರಿಸುತ್ತೆ, ಹೊಟ್ಟೆಗೆ ಹೋದರೆ ರಕ್ತಕ್ಕೆ ಸೇರೋದೇ ಅತ್ಯಲ್ಪ. 2017ರಲ್ಲಿ ಔಷಧ ರಸಾಯನಶಾಸ್ತ್ರಜ್ಞರ ಒಂದು ತಂಡ ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಜಾಲಾಡಿ, ಬಿಗಿಯಾಗಿ ನಡೆಸಿದ ಒಂದರಲ್ಲೂ ಅದು ಗೆದ್ದಿಲ್ಲ ಅಂತ ಬರೆಯಿತು. ಸಾರಿಗೆ ಹಾಕಿ, ಧಾರಾಳವಾಗಿ. ಸಾವಿರ ರೂಪಾಯಿಯ ಡಬ್ಬಿ ಕೊಳ್ಳುವ ಮೊದಲು ಮಾತ್ರ ಯೋಚಿಸಿ.

ಬೆಂಕಿ ಆರಿಸುವ ಮಾತಿಗೆ ಬಂದರೆ ಕನ್ನಡದ ಇನ್ನೊಂದು ಚಂದ ನೋಡಿ. ದೀಪ ಆರುತ್ತೆ, ಗಾಯವೂ ಆರುತ್ತೆ. ಎರಡಕ್ಕೂ ಒಂದೇ ಕ್ರಿಯಾಪದ. ಬಹುಕಾಲ ವೈದ್ಯರು ಉರಿಯೂತ ಕೂಡ ಎಣ್ಣೆ ತೀರಿದ ದೀಪದ ಹಾಗೆ ತಾನಾಗೇ ಆರುತ್ತೆ ಅಂದುಕೊಂಡಿದ್ದರು. ಬಾಸ್ಟನ್ನಿನ ಚಾರ್ಲ್ಸ್ ಸರ್‌ಹಾನ್ ಅದು ಹಾಗಲ್ಲ, ಆರಿಸೋಕೆ ಮೈ ಬೇರೆಯೇ ವಸ್ತುಗಳನ್ನು ತಯಾರಿಸುತ್ತೆ ಅಂತ ತೋರಿಸಿದರು. ಮೀನೆಣ್ಣೆಯಲ್ಲಿರುವಂಥ ಒಮೆಗಾ-3 ಕೊಬ್ಬಿನಿಂದ ಆಗುವ ಕೆಲವಕ್ಕೆ 2002ರಲ್ಲಿ ರಿಸಾಲ್ವಿನ್ ಅಂತ ಹೆಸರಿಟ್ಟರು. ಅಂದ್ರೆ ಆರದ ಉರಿಯೂತದಲ್ಲಿ ಹೊತ್ತಿಸುವವರು ಹೆಚ್ಚಾಗಿರಬಹುದು, ಅಥವಾ ಆರಿಸುವವರು ಕೈಕೊಟ್ಟಿರಬಹುದು.

ಇನ್ನು ಹೃದಯ. ವಿರ್ಚೋನನ್ನು ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ. 1856ರಲ್ಲೇ ಆತ ರಕ್ತನಾಳದ ಗೋಡೆ ದಪ್ಪವಾಗೋದು ಒಂದು ಬಗೆಯ ಉರಿಯೂತ ಅಂದಿದ್ದ. ವಿಯೆನ್ನಾದ ರೊಕಿಟಾನ್‌ಸ್ಕಿ ಅದು ರಕ್ತದಿಂದ ಬಂದು ಕೂತ ಗಸಿ ಅಂತಿದ್ದ. ಇಬ್ಬರಿಗೂ ಜಗಳ. 1913ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅನಿಚ್‌ಕೋವ್ ಮೊಲಗಳಿಗೆ ಬರೀ ಕೊಲೆಸ್ಟರಾಲ್ ತಿನ್ನಿಸಿ ನಾಳಗಳಲ್ಲಿ ಅಂಥದೇ ಗಂಟು ಬರಿಸಿದ. ಮುಂದೆ ಎಲ್ಲರ ಕಣ್ಣೂ ಕೊಲೆಸ್ಟರಾಲಿನ ಮೇಲೆ. ನಳದ ಪೈಪಿನಲ್ಲಿ ಪಾಚಿ ಕಟ್ಟಿದ ಹಾಗೆ ಅನ್ನೋ ಹೋಲಿಕೆ ನಮ್ಮ ಶಾಲಾ ಪುಸ್ತಕದವರೆಗೂ ಬಂತು. ವಿರ್ಚೋನ ಮಾತು ಮೂಲೆ ಸೇರಿತು. ಅಮೆರಿಕದ ರಸೆಲ್ ರಾಸ್ 1999ರಲ್ಲಿ ಇದು ಉರಿಯೂತದ ಕಾಯಿಲೆ ಅಂತ ದೊಡ್ಡ ಲೇಖನ ಬರೆಯುವಾಗ ಸುಮಾರು ನೂರ ನಲವತ್ತು ವರ್ಷ ಕಳೆದಿತ್ತು.

ಇಬ್ಬರ ಮಾತೂ ಸೇರುವ ಜಾಗ ಆಮೇಲೆ ಸಿಕ್ಕಿತು. ಕೊಲೆಸ್ಟರಾಲ್ ಗೋಡೆಯೊಳಗೆ ನುಸುಳುತ್ತೆ, ಮ್ಯಾಕ್ರೋಫೇಜುಗಳು ಅದನ್ನು ನುಂಗಿ ನುಂಗಿ ನೊರೆಯಂತಾಗುತ್ತವೆ, ಒಳಗೆ ಹರಳುಗಟ್ಟುತ್ತೆ. 2010ರಲ್ಲಿ ಈ ಹರಳುಗಳೇ ಇಂಟರ್‌ಲ್ಯೂಕಿನ್-1 ಬೀಟಾ ಅನ್ನೋ ಕಿಡಿಯನ್ನು ಹೊತ್ತಿಸುತ್ತವೆ ಅಂತ ಗೊತ್ತಾಯಿತು. ಗೌಟ್‌ನಲ್ಲಿ ಯೂರಿಕ್ ಆಮ್ಲದ ಹರಳು ಇದೇ ದಾರಿಯಲ್ಲಿ ಉರಿ ಎಬ್ಬಿಸೋದು 2006ರಲ್ಲೇ ಕಂಡಿತ್ತು. ಹೆಬ್ಬೆರಳಿನಲ್ಲಿ ಅದು ಚೀರಿಸುತ್ತೆ, ಹೃದಯದ ನಾಳದಲ್ಲಿ ಸದ್ದೇ ಇಲ್ಲ. ಒಂದು ದಿನ ಗಂಟಿನ ಮೇಲಿನ ತೆಳು ಹೊದಿಕೆ ಹರಿದು ರಕ್ತ ಹೆಪ್ಪುಗಟ್ಟಿದಾಗಲೇ ಗೊತ್ತಾಗೋದು.

ಸದ್ದಿಲ್ಲದ್ದನ್ನು ಅಳೆಯೋದು ಹೇಗೆ? ನಮ್ಮ ಲ್ಯಾಬ್ ರಿಪೋರ್ಟುಗಳಲ್ಲಿ ಇಎಸ್ಆರ್ ಪಕ್ಕದಲ್ಲೇ ಸಿಆರ್‌ಪಿ ಅಂತ ಬರುತ್ತಲ್ಲ, ಅದನ್ನು ಕಂಡದ್ದು 1930ರಲ್ಲಿ, ರಾಕ್‌ಫೆಲ್ಲರ್ ಸಂಸ್ಥೆಯ ಟಿಲ್ಲೆಟ್ ಮತ್ತು ಫ್ರಾನ್ಸಿಸ್, ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ. ಎಲ್ಲೋ ಬೆಂಕಿ ಬಿದ್ದರೆ ಯಕೃತ್ತು ಇದನ್ನು ರಕ್ತಕ್ಕೆ ಸುರಿಯುತ್ತೆ. ಎಲ್ಲಿ ಅಂತ ಮಾತ್ರ ಹೇಳಲ್ಲ. ನೆಗಡಿಯೋ, ವಸಡಿನ ಕೀವೋ, ನಾಳವೋ. 1997ರಲ್ಲಿ ಪಾಲ್ ರಿಡ್ಕರ್, ಆರೋಗ್ಯವಾಗಿದ್ದ ಗಂಡಸರಲ್ಲೇ ಇದು ತುಸು ಹೆಚ್ಚಿದ್ದವರಿಗೆ ಮುಂದೆ ಹೃದಯಾಘಾತದ ಅಪಾಯ ಸುಮಾರು ಮೂರು ಪಟ್ಟು ಅಂತ ತೋರಿಸಿದರು.

ಆದ್ರೂ ವಿಮರ್ಶಕರ ಪ್ರಶ್ನೆ ಉಳಿದೇ ಇತ್ತು. ಹೊಗೆ ಇರೋದು ನಿಜ, ಆದ್ರೆ ಈ ಬೆಂಕಿಯೇ ಮನೆ ಸುಟ್ಟಿತು ಅಂತ ಹೇಗೆ ಹೇಳ್ತೀರಿ? ಉತ್ತರಕ್ಕೆ ಕೊಲೆಸ್ಟರಾಲನ್ನು ಮುಟ್ಟದೇ ಬರೀ ಉರಿಯೂತ ತಗ್ಗಿಸಿ ನೋಡಬೇಕಿತ್ತು. ರಿಡ್ಕರ್ ತಂಡ ಒಮ್ಮೆ ಹೃದಯಾಘಾತವಾಗಿದ್ದ 10,061 ಜನರಲ್ಲಿ ಇಂಟರ್‌ಲ್ಯೂಕಿನ್-1 ಬೀಟಾ ತಡೆಯುವ ಇಂಜೆಕ್ಷನ್ ಪರೀಕ್ಷಿಸಿತು. ಕ್ಯಾಂಟೋಸ್ ಅನ್ನೋ ಈ ಪ್ರಯೋಗದ ಫಲಿತಾಂಶ 2017ರ ಆಗಸ್ಟಿನಲ್ಲಿ ಬಂತು. ಕೊಲೆಸ್ಟರಾಲ್ ಇಳಿಯಲಿಲ್ಲ, ಆದ್ರೆ ಮೂರು ತಿಂಗಳಿಗೊಮ್ಮೆ 150 ಮಿಲಿಗ್ರಾಂ ಪಡೆದವರಲ್ಲಿ ಹೃದಯಾಘಾತ, ಲಕ್ವ, ಹೃದಯದ ಸಾವು ಒಟ್ಟಾರೆ ಶೇ. 15 ಕಡಿಮೆ. ವಿರ್ಚೋ ಗೆದ್ದ! ಆದರೆ ಸೋಂಕಿನಿಂದ ಸಾಯುವವರು ಹೆಚ್ಚಾದರು, ಒಟ್ಟು ಸಾವುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ, ಬೆಲೆಯಂತೂ ಕೇಳಬೇಡಿ. ಹೃದಯಕ್ಕಾಗಿ ಇದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಗಲಿಲ್ಲ. ಹಾಗಾದ್ರೆ ಅಗ್ಗದ ಮೆಥೋಟ್ರೆಕ್ಸೇಟ್ ಕೊಟ್ಟರೆ? 2018ರಲ್ಲಿ ಆ ಪ್ರಯೋಗವೂ ಬಂತು. ಅತ್ತೆಯ ಬೆರಳುಗಳಿಗೆ ಆದ ಮದ್ದು ಹೃದಯಕ್ಕೆ ಏನೂ ಮಾಡಲಿಲ್ಲ. ಉರಿಯೂತ ಅಂದ್ರೆ ಒಂದೇ ಬೆಂಕಿ ಅಲ್ಲ ಅಂತಾಯಿತು.

ಆಮೇಲೆ ಬಂದದ್ದು ಕಾಲ್ಚಿಸಿನ್. 6ನೇ ಶತಮಾನದಿಂದಲೂ ಗೌಟ್‌ಗೆ ಬಳಸುತ್ತಿದ್ದ ಗಡ್ಡೆಯ ಸಾರ. 2019ರಲ್ಲಿ ಮಾಂಟ್ರಿಯಲ್ ತಂಡದ 4,745 ಜನರ ಪ್ರಯೋಗದಲ್ಲಿ, ಮತ್ತೆ 2020ರ ಇನ್ನೊಂದರಲ್ಲಿ ದಿನಕ್ಕೆ ಅರ್ಧ ಮಿಲಿಗ್ರಾಂ ಹೃದಯದ ತೊಂದರೆಗಳನ್ನು ತಗ್ಗಿಸಿತು. 2023ರ ಜೂನಿನಲ್ಲಿ ಅಮೆರಿಕ ಒಪ್ಪಿಗೆಯನ್ನೂ ಕೊಟ್ಟಿತು. 2024ರಲ್ಲಿ ಏಳು ಸಾವಿರಕ್ಕೂ ಹೆಚ್ಚು ಜನರ ಮೇಲೆ, ಹೃದಯಾಘಾತವಾದ ಕೂಡಲೇ ಶುರು ಮಾಡಿದ ದೊಡ್ಡ ಪ್ರಯೋಗದಲ್ಲಿ ಏನೂ ಲಾಭ ಕಾಣಲಿಲ್ಲ. ಹೃದಯ ತಜ್ಞರಲ್ಲಿ ವಾದ ನಡೆಯುತ್ತಲೇ ಇದೆ.

ಈ ಕಾಲ್ಚಿಸಿನ್ ನಮ್ಮ ಬೇಲಿ ಸಾಲಿನಲ್ಲಿ, ಕಾಡಂಚಿನಲ್ಲಿ ಮಳೆಗಾಲಕ್ಕೆ ಹಬ್ಬುವ ಅಗ್ನಿಶಿಖೆಯ ಗಡ್ಡೆಯಲ್ಲೂ ಬೀಜದಲ್ಲೂ ಇದೆ. ಕೆಂಪು ಹಳದಿಯ ಎಸಳು ಮೇಲಕ್ಕೆ ಮಡಚಿ ಥೇಟ್ ಬೆಂಕಿಯ ನಾಲಿಗೆಯಂತೆ ಕಾಣುವ ಹೂವು. ನೋಡಿ, ಫೋಟೋ ತೆಗೆದುಕೊಳ್ಳಿ, ಗಡ್ಡೆ ಮಾತ್ರ ಅಗೆಯಬೇಡಿ. ಮದ್ದಿಗೂ ವಿಷಕ್ಕೂ ಅದರಲ್ಲಿ ಅಂತರ ಬಹಳ ಕಡಿಮೆ, ತಿಂದು ಸತ್ತವರಿದ್ದಾರೆ.